ಎರಡನೇ ಡೋಸ್ ಯಾರ ವರ್ಷದಲ್ಲಿ ಬರುತ್ತದೆ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಬರುವ ಜುಲೈಯಿಂದ ನಮ್ಮೂರಿನ ಇನ್ನರ್‌ವ್ಹೀಲ್ ಎಂಬ ಮಹಿಳಾ ಸೇವಾ ಕ್ಲಬ್ಬಿಗೆ ನಾನು ಅಧ್ಯಕ್ಷೆ. 38 ಜನ ಸದಸ್ಯೆಯರಿದ್ದೇವೆ. ಪ್ರತಿ ವರ್ಷ ಸರ್ಕಾರಿ ಶಾಲೆಗೆ ನೋಟ್‌ಬುಕ್, ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್, ವೃದ್ಧಾಶ್ರಮಕ್ಕೆ ಹೊದಿಕೆ, ಎರಡು ಆರೋಗ್ಯ ಶಿಬಿರ, ಒಂದು ರಕ್ತದಾನ ಶಿಬಿರ ಹೀಗೆ ಏನಾದರೂ ಮಾಡುತ್ತಲೇ ಇರುತ್ತೇವೆ. ಎರಡು ವರ್ಷದ ಹಿಂದೆ ಹೈಸ್ಕೂಲಿಗೆ ಪ್ಯಾಡ್ ಕೊಡುವ ಮಶೀನ್ ಕೂಡ ಹಾಕಿಸಿದ್ದೇವೆ. ಮೊನ್ನೆ ಕಾಲೇಜಿಗೆ ಹೋಗುವ ನನ್ನ ಮಗಳು, "ಅಮ್ಮಾ, ನಿಮ್ಮ ಕ್ಲಬ್ಬಲ್ಲಿ ಕೆಲಸಕ್ಕಿಂತ ಫೋಟೊನೇ ಜಾಸ್ತಿ" ಅಂದಳು. ಸಿಟ್ಟು ಬಂತು, ಆದರೆ ಉತ್ತರ ಹೊಳೆಯಲಿಲ್ಲ. ನನ್ನ ಒಂದು ವರ್ಷದಲ್ಲಿ ಊರಿಗೆ ಉಳಿಯುವಂಥ ಕೆಲಸ ಏನು ಮಾಡಬಹುದು? ನಮ್ಮ ಹತ್ತಿರ ದುಡ್ಡು ಹೆಚ್ಚಿಲ್ಲ. ಅಮೆರಿಕದಲ್ಲಿರುವ ನಮ್ಮೂರಿನವರು ಕೆಲವರು ಹಣ ಕಳಿಸುತ್ತೇವೆ ಅನ್ನುತ್ತಾರೆ, ತೆಗೆದುಕೊಳ್ಳಬಹುದಾ?

ಉತ್ತರ: ಮಗಳ ಮಾತು ನಿಮಗೆ ಎಷ್ಟು ನಾಟಿದೆ ಎಂದು ಪತ್ರ ಓದುವಾಗಲೇ ಗೊತ್ತಾಯಿತು. ನಾನು 31 ವರ್ಷ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಸಮುದಾಯ ಆರೋಗ್ಯ ಕಲಿಸಿದವಳು. ಆ ಮಕ್ಕಳನ್ನು ಕಟ್ಟಿಕೊಂಡು ಎಷ್ಟೋ ಮಹಿಳಾ ಸಮಾಜಗಳ, ಇನ್ನರ್‌ವ್ಹೀಲ್ ಕ್ಲಬ್ಬುಗಳ, ಲಯನೆಸ್ ಕ್ಲಬ್ಬುಗಳ ಶಿಬಿರಗಳಿಗೆ ಹೋಗಿದ್ದೇನೆ. ಅಲ್ಲಿ ದುಡಿಯುವ ಹೆಂಗಸರ ಶ್ರಮ ಸುಳ್ಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ಎದ್ದು ಮನೆಯ ತಿಂಡಿ ಮುಗಿಸಿ, ಶಿಬಿರಕ್ಕೆ ಬರುವ ನೂರು ಜನಕ್ಕೆ ಉಪ್ಪಿಟ್ಟನ್ನೂ ತಾವೇ ಕೆದಕಿ ತಂದವರನ್ನು ನೋಡಿದ್ದೇನೆ. ಹಾಗಿದ್ದೂ ವರ್ಷ ಕಳೆದ ಮೇಲೆ ಊರಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ.

ಇಷ್ಟು ವರ್ಷ ಕಂಡ ಮೇಲೆ ನನಗೆ ತೋರುವ ಕಾರಣ ಒಂದೇ. ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಆ ಹನ್ನೆರಡು ತಿಂಗಳೊಳಗೆ ಹುಟ್ಟಿ ಅದರೊಳಗೇ ಮುಗಿದುಹೋಗುವ ಕೆಲಸಗಳನ್ನೇ ನಾವು ಹುಡುಕಿ ಹುಡುಕಿ ಆರಿಸಿಕೊಳ್ಳುತ್ತೇವೆ. ಊರಿನ ಕಷ್ಟಕ್ಕೆ ಆ ಕ್ಯಾಲೆಂಡರ್ ಗೊತ್ತಿಲ್ಲ.

ನೋಟ್‌ಬುಕ್ಕನ್ನೇ ನೋಡಿ. ನಮ್ಮ ಸರ್ಕಾರಿ ಶಾಲೆಗಳ ಬಾಗಿಲು ಮೇ ಕೊನೆಗೆ ತೆರೆಯುತ್ತದೆ. ಕ್ಲಬ್ಬಿನಲ್ಲಿ ಪದಗ್ರಹಣ ಜುಲೈಯಲ್ಲಿ. ಆಮೇಲೆ ಅಕ್ಕಪಕ್ಕದ ಊರುಗಳ ಪದಗ್ರಹಣಕ್ಕೆ ಹೋಗಿಬರುವುದು, ಆಮೇಲೆ ದುಡ್ಡು ಒಟ್ಟುಮಾಡುವುದು. ನೋಟ್‌ಬುಕ್ ಮಕ್ಕಳ ಕೈ ಸೇರುವಾಗ ಆಗಸ್ಟ್. ಅಷ್ಟರಲ್ಲಿ ಕೂಲಿಗೆ ಹೋಗುವ ತಾಯಿ ಕೈಸಾಲ ಮಾಡಿ ಆ ಪುಸ್ತಕ ತಂದುಕೊಟ್ಟು ಎರಡು ತಿಂಗಳಾಗಿರುತ್ತದೆ. ಕೊಟ್ಟದ್ದು ಸುಳ್ಳಲ್ಲ, ಆದರೆ ಬೇಕಾದ ದಿನ ಕೊಟ್ಟಿದ್ದೂ ಅಲ್ಲ. ಹಾಗಾಗಿ ನೋಟ್‌ಬುಕ್ ಕೊಡುವುದಿದ್ದರೆ ಈಗಲೇ, ಹಾಲಿ ಅಧ್ಯಕ್ಷೆಯ ಅವಧಿ ಮುಗಿಯುವ ಮೊದಲೇ ಅವರ ಜೊತೆ ಕೂತು ಮಾತಾಡಿ. ಅವರ ಹೆಸರಲ್ಲೇ ಹೋಗಲಿ.

ಈ ಕ್ಯಾಲೆಂಡರಿನ ತೊಡಕು ನನಗೆ ಪೂರ್ತಿ ಅರ್ಥವಾದದ್ದು ಲಸಿಕೆಯ ವಿಷಯದಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಶಿಬಿರಗಳನ್ನು ಈಚಿನ ವರ್ಷಗಳಲ್ಲಿ ಮಹಿಳಾ ಕ್ಲಬ್ಬುಗಳು ಬಹಳ ಉತ್ಸಾಹದಿಂದ ಮಾಡುತ್ತಿವೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದ ಮೇಲೆ ಇದು ಇನ್ನೂ ಹೆಚ್ಚಿತು. 9ರಿಂದ 14 ವರ್ಷದ ಹುಡುಗಿಯರಿಗೆ ಆ ಲಸಿಕೆಯ ವೇಳಾಪಟ್ಟಿ ಎರಡು ಡೋಸ್, ನಡುವೆ 6 ತಿಂಗಳು. ನಾನು ಕಂಡ ಒಂದು ಊರಿನಲ್ಲಿ ಫೆಬ್ರವರಿಯಲ್ಲಿ ಮೊದಲ ಡೋಸ್ ಆಯಿತು. ಅರವತ್ತು ಹುಡುಗಿಯರು. ಚೆಂದದ ಕಾರ್ಯಕ್ರಮ, ಡಾಕ್ಟರು ಬಂದು ಮಾತಾಡಿದರು, ಪೋಷಕರ ಒಪ್ಪಿಗೆ ಪತ್ರವೂ ಇತ್ತು. ಎರಡನೇ ಡೋಸ್ ಆಗಸ್ಟಿಗೆ. ಅಷ್ಟರಲ್ಲಿ ಅಧ್ಯಕ್ಷೆ ಬದಲಾಗಿದ್ದರು, ಕಾರ್ಯದರ್ಶಿ ಬದಲಾಗಿದ್ದರು, ಮಕ್ಕಳ ಹೆಸರಿದ್ದ ಪುಸ್ತಕ ಹಳೆಯ ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿತ್ತು, ಅವರು ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದರು. ಸೆಪ್ಟೆಂಬರಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟುತ್ತಿದ್ದ ಒಬ್ಬ ತಾಯಿ ನನ್ನನ್ನು ಗುರುತು ಹಿಡಿದು, "ಮೇಡಂ, ಮಗೀಗೆ ಇನ್ನೊಂದು ಸೂಜಿ ಯಾವಾಗ?" ಎಂದು ಕೇಳಿದಳು. ಆ ಕ್ಲಬ್ಬು ನನ್ನದಾಗಿರಲಿಲ್ಲ. ಆದರೆ ಅವಳ ಲೆಕ್ಕದಲ್ಲಿ ನಾವೆಲ್ಲ ಒಂದೇ ಮೇಡಂ.

ಒಂದೇ ಡೋಸ್ ಕೊಟ್ಟರೂ ಸಾಕಷ್ಟು ರಕ್ಷಣೆ ಸಿಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಕೊನೆಗೆ ಹೇಳಿದೆ, ಹಾಗಾಗಿ ಆ ಮಕ್ಕಳಿಗೆ ಕೊಟ್ಟದ್ದು ವ್ಯರ್ಥವಾಯಿತು ಎನ್ನಲಾರೆ. ಆದರೆ ಎರಡು ಸೂಜಿ ಎಂದು ಹೇಳಿ ಒಪ್ಪಿಗೆ ಪಡೆದ ಮೇಲೆ ಎರಡೂ ಕೊಡಬೇಕು. ಶಿಬಿರದ ದಿನಾಂಕ ನಿಗದಿ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: ಎರಡನೇ ಡೋಸ್ ಯಾರ ವರ್ಷದಲ್ಲಿ ಬರುತ್ತದೆ, ಅವರಿಗೆ ಇದು ಗೊತ್ತಿದೆಯೇ? ಈ ಲಸಿಕೆಯನ್ನೇ ನೀವು ಕೈಗೆತ್ತಿಕೊಳ್ಳುವುದಾದರೆ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕಾಣಿ, ಸರ್ಕಾರದ ಕಡೆಯಿಂದ ನಿಮ್ಮ ತಾಲ್ಲೂಕಿಗೆ ಏನು ಬರುತ್ತಿದೆ ಎಂದು ತಿಳಿದುಕೊಂಡೇ ದುಡ್ಡು ಖರ್ಚು ಮಾಡಿ. ಜುಲೈ, ಆಗಸ್ಟಿನಲ್ಲಿ ಮೊದಲ ಡೋಸ್ ಹಾಕಿಸಿದರೆ ಎರಡನೆಯದು ಜನವರಿ, ಫೆಬ್ರವರಿಗೆ, ನಿಮ್ಮ ಅವಧಿಯಲ್ಲೇ ಮುಗಿಯುತ್ತದೆ.

ನೀವು ಸೇರಿರುವ ಸಂಸ್ಥೆಯ ಮೂಲವನ್ನು ಸ್ವಲ್ಪ ನೆನಪಿಸುತ್ತೇನೆ, ಯಾಕೆಂದರೆ ಮಗಳಿಗೆ ಕೊಡಬೇಕಾದ ಉತ್ತರದ ಒಂದು ತುದಿ ಅಲ್ಲಿದೆ. ಇನ್ನರ್‌ವ್ಹೀಲ್ ಶುರುವಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, 1924ರ ಜನವರಿ 10ರಂದು. ಶುರುಮಾಡಿದ ಮಾರ್ಗರೆಟ್ ಗೋಲ್ಡಿಂಗ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಸ್ವಂತ ವ್ಯಾಪಾರ ನಡೆಸಿದವರು. ರೋಟರಿಯವರ ಹೆಂಡತಿಯರು ಮೊದಲ ಮಹಾಯುದ್ಧದ ಕಾಲದಿಂದ ಗಂಡಂದಿರ ಕೆಲಸಕ್ಕೆ ಹೆಗಲು ಕೊಡುತ್ತಿದ್ದರು, ಅವರಿಗೆ ತಮ್ಮದೇ ಒಂದು ಗೂಡು ಬೇಕೆನಿಸಿತು. ನಮ್ಮ ದೇಶದ ಮೊದಲ ಕ್ಲಬ್ ಬಂದದ್ದು 1955ರಲ್ಲಿ, ಅಹಮದಾಬಾದಿನಲ್ಲಿ. ನಿಮ್ಮ ಧ್ಯೇಯಗಳು ಮೂರು: ನಿಜವಾದ ಸ್ನೇಹ, ವೈಯಕ್ತಿಕ ಸೇವೆ, ದೇಶದೇಶಗಳ ನಡುವೆ ತಿಳುವಳಿಕೆ. ಪ್ರತಿ ಮೀಟಿಂಗಿನಲ್ಲಿ ಕೇಳಿ ಕೇಳಿ ಕಿವಿಗೆ ರೂಢಿಯಾದ ಆ ನಡುವಿನ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಳ್ಳಿ. ವೈಯಕ್ತಿಕ ಸೇವೆ ಅಂದರೆ ತಾನೇ ಹೋಗಿ, ತನ್ನ ಕೈಯಿಂದ, ತನ್ನ ಹೊತ್ತು ಕೊಟ್ಟು ಮಾಡುವುದು. ಚೆಕ್ ಬರೆಯುವುದಕ್ಕೆ ಕಂಪನಿಗಳಿವೆ. ವಾರವಾರವೂ ಅದೇ ಮುಖ ಹೊತ್ತು ಅದೇ ಶಾಲೆಗೆ ಹೋಗಲಿಕ್ಕೆ ಕಂಪನಿಗೆ ಸಾಧ್ಯವಿಲ್ಲ, ನಿಮಗೆ ಸಾಧ್ಯ.

ಇದಕ್ಕೆ ಮ್ಯಾಂಚೆಸ್ಟರಿನವರೆಗೂ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರು ಭಗಿನಿ ಮಂಡಲ ಎಂಬ ಮಹಿಳಾ ಸಂಘ ಕಟ್ಟಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಅವರು ಸಜ್ಜುಮಾಡಿದ್ದರು. ಅವರಲ್ಲಿ ಎಷ್ಟೋ ಜನ ಮನೆಯ ಹೊಸಿಲು ದಾಟದ ವಿಧವೆಯರು. ಅಧಿವೇಶನ ಮುಗಿದ ಮೇಲೂ ಉಮಾಬಾಯಿ ಮನೆಗೆ ಹೋಗಿ ಕೂರಲಿಲ್ಲ, ಶಾಲೆ ನಡೆಸಿದರು, ಜೈಲಿಗೆ ಹೋದರು, ಮುಂದೆ ಕಸ್ತೂರಬಾ ಟ್ರಸ್ಟಿನ ಕೆಲಸಕ್ಕಾಗಿ ಹಳ್ಳಿ ಹೆಂಗಸರನ್ನು ತಯಾರು ಮಾಡಿದರು. ಬೆಂಗಳೂರಿನ ಮಹಿಳಾ ಸೇವಾ ಸಮಾಜ ಶುರುವಾದದ್ದು 1913ರಲ್ಲಿ, ಇವತ್ತಿಗೂ ಅದರ ಶಾಲೆ ನಡೆಯುತ್ತಿದೆ. ನಿಮ್ಮ ಊರಲ್ಲೂ ಒಂದು ಹಳೆಯ ಹೆಂಚಿನ ಮಹಿಳಾ ಸಮಾಜ ಇರಬಹುದು. ಶಿಶುವಿಹಾರ, ಹೊಲಿಗೆ ಕ್ಲಾಸು, ಹಿಂದಿ ಪರೀಕ್ಷೆಯ ಪಾಠ. ನಮ್ಮ ತಾಯಂದಿರ ಕಾಲದ ಆ ಹೆಂಗಸರು ಹಂಚಿದ್ದು ಬಹಳ ಕಡಿಮೆ, ನಡೆಸಿದ್ದು ಹೆಚ್ಚು. ಸೋಮವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ ಎಂದು ಊರಿಗೆ ಗೊತ್ತಿತ್ತು.

ಈಗ ನಿಮಗೆ ನಾನು ಹೇಳುವ ಕೆಲಸಕ್ಕೆ ಬರುತ್ತೇನೆ. ಒಂದೇ ಒಂದನ್ನು ಆರಿಸಿ ಎಂದರೆ ನಾನು ರಕ್ತಹೀನತೆಯನ್ನು ಆರಿಸುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ನಿಮ್ಮ ರಕ್ತದಾನ ಶಿಬಿರವನ್ನೇ ನೆನಪು ಮಾಡಿಕೊಳ್ಳಿ. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ 12.5 ಇರಬೇಕು. ಕೊಡಲಿಕ್ಕೆಂದು ಬಂದ ಹೆಣ್ಣುಮಕ್ಕಳಲ್ಲಿ ಎಷ್ಟು ಜನರನ್ನು "ನಿಮಗೆ ಕಡಿಮೆ ಇದೆಯಮ್ಮ" ಎಂದು ವಾಪಸ್ ಕಳಿಸಿದರು? ವರದಿಯಲ್ಲಿ ಎಷ್ಟು ಯೂನಿಟ್ ಸಂಗ್ರಹವಾಯಿತು ಎಂದು ಬರೆಯುತ್ತೇವೆ, ವಾಪಸ್ ಹೋದವರ ಹೆಸರು ಎಲ್ಲೂ ಇರುವುದಿಲ್ಲ. ಆ ದಿನ ನಿಮ್ಮ ಬಾಗಿಲಿಗೆ ತಾವಾಗಿ ಬಂದ ರೋಗಿಗಳು ಅವರೇ ಆಗಿದ್ದರು.

ಸರ್ಕಾರ ಇದಕ್ಕೆ ಔಷಧಿ ಕೊಡುತ್ತಿಲ್ಲವೇ? ಕೊಡುತ್ತಿದೆ. ಶಾಲೆಗಳಲ್ಲಿ 10ರಿಂದ 19 ವಯಸ್ಸಿನ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಫೆಬ್ರವರಿ ಮತ್ತು ಆಗಸ್ಟಿನಲ್ಲಿ ಜಂತುಹುಳದ ಮಾತ್ರೆ. ಮಾತ್ರೆ ಶಾಲೆಯ ಬೀರುವಿನವರೆಗೂ ಬರುತ್ತದೆ. ಅಲ್ಲಿಂದ ಹುಡುಗಿಯ ಹೊಟ್ಟೆಯವರೆಗಿನ ನಾಲ್ಕು ಮಾರು ದೂರವೇ ಕಷ್ಟದ್ದು.

ಒಂದು ಹೈಸ್ಕೂಲಿನಲ್ಲಿ ನಾನು ಮತ್ತು ನನ್ನ ವಿದ್ಯಾರ್ಥಿನಿಯರು ಊಟದ ನಂತರ ಒಂಬತ್ತನೇ ತರಗತಿಯಲ್ಲಿ ನಿಂತಿದ್ದೆವು. ಟೀಚರ್ ಹೆಸರು ಕರೆದರು, ಹುಡುಗಿಯರು ಒಬ್ಬೊಬ್ಬರೇ ಬಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು, ಹಾಜರಿಗೆ ಟಿಕ್ ಬಿತ್ತು. ಶಾಲೆಯ ಆಯಾ ನನ್ನ ಸೆರಗು ಹಿಡಿದು ಹಿಂದುಗಡೆ ಕರೆದುಕೊಂಡು ಹೋದಳು. ಕಿಟಕಿಯ ಕೆಳಗೆ ದಾಸವಾಳದ ಬುಡದಲ್ಲಿ ನೀಲಿ ಮಾತ್ರೆಗಳು ಚೆಲ್ಲಿದ್ದವು. ಕೆಲವು ಮಳೆಗೆ ಕರಗಿ ಮಣ್ಣಿನ ಮೇಲೆ ನೀಲಿ ಕಲೆಯಾಗಿತ್ತು. "ನಾಲಿಗೆ ಕೆಳಗೆ ಇಟ್ಕೊಂಡು ಬಂದು ಉಗೀತಾವೆ ಮೇಡಂ, ವಾರವಾರ ನಾನೇ ಗುಡಿಸೋದು" ಅಂದಳು. ಆಮೇಲೆ ಆ ಹುಡುಗಿಯರ ಜೊತೆ ನೆಲದ ಮೇಲೆ ಕೂತು ಕೇಳಿದೆವು. ಒಬ್ಬಳಿಗೆ ಹೊಟ್ಟೆ ತೊಳಸಿತ್ತು, ಅವಳು ಬೆಳಗ್ಗೆ ತಿಂಡಿ ತಿನ್ನದೆ ಬರುವವಳು, ಮಧ್ಯಾಹ್ನವೂ ಎರಡು ತುತ್ತು ಮಾತ್ರ ತಿನ್ನುತ್ತಿದ್ದಳು. ಒಬ್ಬಳಿಗೆ ಮಲ ಕಪ್ಪಗೆ ಹೋಗಿ ಹೆದರಿಕೆಯಾಗಿತ್ತು. ಇನ್ನೊಬ್ಬಳು ಬಹಳ ಹೊತ್ತು ಸುಮ್ಮನಿದ್ದು, "ಇದು ತಿಂದ್ರೆ ಮುಂದೆ ಮಕ್ಕಳಾಗಲ್ವಂತೆ" ಎಂದಳು. ಅವಳ ಅಜ್ಜಿ ಹೇಳಿದ್ದಂತೆ.

ಈ ಮೂರು ಮಾತಿಗೂ ಉತ್ತರ ಕೊಡಲಿಕ್ಕೆ ಡಾಕ್ಟರೇ ಬೇಕೆಂದಿಲ್ಲ. ಊಟವಾದ ಮೇಲೆ ತಿಂದರೆ ತೊಳಸುವುದು ಕಡಿಮೆ. ಕಬ್ಬಿಣದ ಮಾತ್ರೆ ತಿಂದವರಿಗೆ ಮಲ ಕಪ್ಪಾಗುವುದು ಸಹಜ, ರೋಗವಲ್ಲ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಗರ್ಭಿಣಿಯರಿಗೇ ಕಬ್ಬಿಣದ ಮಾತ್ರೆ ಕೊಡುತ್ತೇವೆ. ಇಷ್ಟನ್ನು ಸಮಾಧಾನವಾಗಿ, ಪಕ್ಕದ ಮನೆಯ ಚಿಕ್ಕಮ್ಮನ ಹಾಗೆ ಹೇಳುವವರು ಬೇಕು. ಟೀಚರಿಗೆ ಪಾಠ ಇದೆ, ಬಿಸಿಯೂಟದ ಲೆಕ್ಕ ಇದೆ, ಆನ್‌ಲೈನ್ ದಾಖಲೆ ಇದೆ. ಆಶಾ ಕಾರ್ಯಕರ್ತೆಗೆ ನೂರೆಂಟು ಮನೆ. ನಿಮ್ಮ ಕ್ಲಬ್ಬಿನ ಹೆಂಗಸರಿಗೆ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯ ತನಕ ಹೊತ್ತಿದೆ. ಇದೇ ನಿಮ್ಮ ಬಂಡವಾಳ.

38ರಲ್ಲಿ ಎಂಟು ಜನ ಮನಸ್ಸು ಮಾಡಿದರೆ ಸಾಕು. ನಾಲ್ಕು ಜೋಡಿ, ಪ್ರತಿ ಜೋಡಿಗೆ ತಿಂಗಳಿಗೆ ಒಂದು ಮಧ್ಯಾಹ್ನ. ಒಂದೇ ಹೈಸ್ಕೂಲು, ಎಂಟನೇ ತರಗತಿಯ ಹುಡುಗಿಯರು. ಮೊದಲು ಮುಖ್ಯೋಪಾಧ್ಯಾಯರ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಒಂದು ಮಾತು. ಆಗಸ್ಟಿನಲ್ಲಿ ಆರೋಗ್ಯ ಕೇಂದ್ರದವರಿಂದ ಎಲ್ಲರ ಹಿಮೋಗ್ಲೋಬಿನ್ ನೋಡಿಸಿ. 12 ವರ್ಷ ದಾಟಿದ ಹುಡುಗಿಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ, ಅಂಥವಳನ್ನು ಅಂದೇ ತಾಯಿಯ ಜೊತೆ ಆಸ್ಪತ್ರೆಗೆ ಕಳಿಸಬೇಕು. 12ಕ್ಕೂ 8ಕ್ಕೂ ನಡುವೆ ಇರುವವರಿಗೆ ವಾರಕ್ಕೊಂದು ಮಾತ್ರೆ ಸಾಲದು, ವೈದ್ಯರು ದಿನದ ಮಾತ್ರೆ ಬರೆದುಕೊಡುತ್ತಾರೆ, ಅದನ್ನು ತಿಂಗಳುಗಟ್ಟಲೆ ತಪ್ಪದೆ ತಿನ್ನಿಸುವುದೇ ಕೆಲಸ. ಸಂಖ್ಯೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಹುಡುಗಿಗೆ ಒಂದು ಚೀಟಿ, ಮನೆಗೆ ಒಂದು ಚೀಟಿ, ನಿಮ್ಮ ಪುಸ್ತಕದಲ್ಲಿ ಒಂದು ಸಾಲು. ಫೆಬ್ರವರಿಯಲ್ಲಿ ಮತ್ತೆ ನೋಡಿಸಿ.

ಮಾತ್ರೆ ಕೊಡುವಾಗ ಸದಸ್ಯೆಯರಲ್ಲಿ ಒಬ್ಬರು, ಟೀಚರ್ ಒಬ್ಬರು ಮಕ್ಕಳ ಎದುರೇ ತಾವೂ ಒಂದು ಕಬ್ಬಿಣದ ಮಾತ್ರೆ ನುಂಗಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಆಹಾರದ ಮಾತು ಬಂದಾಗ ಬೀಟ್‌ರೂಟ್, ದಾಳಿಂಬೆ ಕೆಂಪಗಿರುವುದರಿಂದ ರಕ್ತವಾಗುತ್ತದೆ ಎಂದು ಹೇಳಬೇಡಿ, ಅವುಗಳಲ್ಲಿ ಕಬ್ಬಿಣ ಹೆಚ್ಚಿಲ್ಲ, ದಾಳಿಂಬೆಯ ಬೆಲೆಯಂತೂ ಆ ಮನೆಗಳಿಗೆ ಎಟುಕುವುದಲ್ಲ. ಹುರುಳಿ, ಹೆಸರುಕಾಳು, ಸೊಪ್ಪು, ತಿನ್ನುವ ಮನೆಯಾದರೆ ಮೀನು, ಮಾಂಸ. ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಮೈಗೆ ಹಿಡಿಯುತ್ತದೆ. ಊಟದ ಜೊತೆ, ಊಟವಾದ ಕೂಡಲೇ ಟೀ, ಕಾಫಿ ಕುಡಿದರೆ ಸರಿಯಾಗಿ ಹಿಡಿಯುವುದಿಲ್ಲ. ಮಲೆನಾಡಿನಲ್ಲಿ ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು. ಒಂದು ಲೋಟ ಕಾಫಿಯನ್ನೇ ತಿಂಡಿ ಎಂದು ಕುಡಿದು ಶಾಲೆಗೆ ಬರುವ ಮಕ್ಕಳು ಬಹಳ.

ಎಂಟನೇ ತರಗತಿ ಎಂದು ಯಾಕೆ ಹೇಳಿದೆ ಗೊತ್ತಾ? ಆ ಹುಡುಗಿ ಎಂಟು, ಒಂಬತ್ತು, ಹತ್ತು ಮುಗಿಸುವಷ್ಟರಲ್ಲಿ ನಿಮ್ಮ ಕ್ಲಬ್ಬಿಗೆ ಮೂರು ಅಧ್ಯಕ್ಷೆಯರು ಬಂದಿರುತ್ತಾರೆ. ಅವಳ ಮೂರು ವರ್ಷವನ್ನು ಕ್ಲಬ್ಬು ಹಿಡಿದುಕೊಂಡರೆ ಅಧ್ಯಕ್ಷೆಯರ ಒಂದೊಂದು ವರ್ಷ ಅದರೊಳಗೆ ತಾನಾಗಿ ಸೇರಿಕೊಳ್ಳುತ್ತದೆ. ನಿಮ್ಮ ಉಪಾಧ್ಯಕ್ಷೆ, ಅಂದರೆ ಮುಂದೆ ಬರುವವರು, ಮೊದಲ ದಿನದಿಂದಲೇ ಆ ನಾಲ್ಕು ಜೋಡಿಯಲ್ಲಿ ಒಬ್ಬರಾಗಿರಲಿ. ಹೀಗೆ ಮಾಡಿದ ಕಡೆ ಕೆಲಸ ನಿಂತಿಲ್ಲ. ಪುಸ್ತಕ ಯಾರ ಮನೆಗೂ ಹೋಗಬಾರದು, ಶಾಲೆಯ ಬೀರುವಿನಲ್ಲೇ ಬೀಗ ಹಾಕಿ ಇಡಿ.

ಪ್ಯಾಡಿನ ವಿಷಯ. ಒಂದು ಹುಡುಗಿಗೆ ತಿಂಗಳಿಗೆ ಹತ್ತು ಪ್ಯಾಡ್ ಎಂದಿಟ್ಟುಕೊಳ್ಳಿ. 200 ಹುಡುಗಿಯರಿರುವ ಶಾಲೆಗೆ ಹತ್ತು ತಿಂಗಳಿಗೆ 20,000. ವರ್ಷಕ್ಕೊಮ್ಮೆ ಒಂದೊಂದು ಪೊಟ್ಟಣ ಕೊಟ್ಟರೆ ಒಂದು ತಿಂಗಳು ಸಾಗುತ್ತದೆ. ಸರ್ಕಾರದ ಶುಚಿ ಯೋಜನೆ ಇರುವುದೇ ಹುಡುಗಿಯರಿಗೆ ಪ್ಯಾಡ್ ಕೊಡಲಿಕ್ಕೆ, ನಡುವೆ ಕೆಲವು ವರ್ಷ ನಿಂತು ಮತ್ತೆ ಶುರುವಾಗಿದೆ. ನಿಮ್ಮ ಶಾಲೆಗೆ ಸರಿಯಾಗಿ ಬರುತ್ತಿದೆಯೇ, ಬಾರದಿದ್ದರೆ ಯಾಕೆ ಎಂದು ಬೆನ್ನುಹತ್ತುವುದರಲ್ಲಿ ಕ್ಲಬ್ಬಿನ ಲೆಟರ್‌ಹೆಡ್ಡಿಗೆ ಹೆಚ್ಚು ಬೆಲೆ ಇದೆ. ಮಶೀನುಗಳ ಕಥೆ ನನಗೆ ಚೆನ್ನಾಗಿ ಗೊತ್ತು. ಐದು ರೂಪಾಯಿ ನಾಣ್ಯ ಹಾಕಬೇಕು, ಹುಡುಗಿಯರ ಹತ್ತಿರ ನಾಣ್ಯ ಇರುವುದಿಲ್ಲ. ಹಿಡಿಯುವುದು ಕೆಲವೇ ಡಜನ್, ಖಾಲಿಯಾದ ಮೇಲೆ ತುಂಬುವವರಿಲ್ಲ. ಮಲೆನಾಡಿನ ಒಂದು ಮಳೆಗಾಲ ಕಳೆದರೆ ನಾಣ್ಯದ ಸೀಳು ತುಕ್ಕು ಹಿಡಿಯುತ್ತದೆ. ನಾನು ನೋಡಿದ ಒಂದರ ಮೇಲೆ ದಾನಿಗಳ ಹೆಸರಿನ ಹಿತ್ತಾಳೆ ಫಲಕ ಫಳಫಳ ಹೊಳೆಯುತ್ತಿತ್ತು, ಯಾಕೆಂದರೆ ಆಯಾ ಅದನ್ನು ದಿನಾ ಒರೆಸುತ್ತಿದ್ದಳು. ಒಳಗೆ ಇರುವೆ ಗೂಡು. ಆ ಶಾಲೆಯ ಹುಡುಗಿಯರನ್ನು ಏನು ಬೇಕು ಎಂದು ಕೇಳಿದಾಗ ಅವರು ಹೇಳಿದ್ದು ಮೂರೇ ಮಾತು: ಶೌಚಾಲಯದ ಬಾಗಿಲಿಗೆ ಚಿಲಕ, ಒಳಗೆ ನೀರು, ಮುಚ್ಚಳ ಇರುವ ಒಂದು ಬಕೆಟ್. ಮೂರಕ್ಕೂ ಸೇರಿ ಆದ ಖರ್ಚು ಕ್ಲಬ್ಬಿನ ಒಂದು ಫ್ಲೆಕ್ಸ್ ಬ್ಯಾನರಿಗೆ ಆಗುವಷ್ಟು, ನೀರಿನ ಪೈಪು ಮಾತ್ರ ಪಂಚಾಯಿತಿಯವರು ಎಳೆದುಕೊಟ್ಟರು. ಬಟ್ಟೆ ಬಳಸುವ ಹುಡುಗಿಯರಿಗೆ ಪ್ಯಾಡ್ ಕೊಟ್ಟು ಅವರಮ್ಮಂದಿರು ಕೊಳಕು ಎಂಬಂತೆ ಮಾತಾಡಬೇಡಿ. ಸೋಪಿನಲ್ಲಿ ಒಗೆದು ಬಿಸಿಲಿಗೆ ಹರವಿದ ಹತ್ತಿ ಬಟ್ಟೆ ಒಳ್ಳೆಯದೇ. ಬಿಸಿಲಿಗೆ ಹರವಲು ನಾಚಿಕೆ ಇದೆಯಲ್ಲ, ಮಾತಾಡಬೇಕಾದದ್ದು ಅದರ ಬಗ್ಗೆ.

ಆರೋಗ್ಯ ಶಿಬಿರ ಬಿಡಬೇಡಿ, ಆದರೆ ವರ್ಷಕ್ಕೆ ಎರಡು ಬೇಡ, ಒಂದು ಸಾಕು. ಬಿ.ಪಿ. 140/90 ದಾಟಿದವರ ಪಟ್ಟಿ ಮಾಡಿ, ಹದಿನೈದು ದಿನದೊಳಗೆ ಅವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿಕೊಂಡರೇ ಎಂದು ಫೋನ್ ಮಾಡಿ ಕೇಳಿ. ಒಮ್ಮೆ ನೋಡಿದ್ದರಿಂದ ರೋಗ ಎಂದು ಹೇಳಲಾಗದು. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ, ಮಾತ್ರೆ ಉಚಿತವಾಗಿ ಸಿಗುತ್ತದೆ. ಬಹಳ ಜನಕ್ಕೆ, ಅದರಲ್ಲೂ ಒಂಟಿ ಮುದುಕಿಯರಿಗೆ, ಮೊದಲ ಸಲ ಚೀಟಿ ಮಾಡಿಸಲಿಕ್ಕೆ ಒಬ್ಬರು ಜೊತೆಗೆ ಹೋದರೆ ಸಾಕು, ಎರಡನೇ ಸಲ ತಾವೇ ಹೋಗುತ್ತಾರೆ.

ಅಮೆರಿಕದ ಹಣದ ಬಗ್ಗೆ ಎಚ್ಚರಿಕೆಯಿಂದಿರಿ. ನಿಮ್ಮೂರಿನವರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರಾದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆ. ವಿದೇಶಿ ವಂತಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಕ್ಲಬ್ಬು ಅದನ್ನು ಮುಟ್ಟುವಂತಿಲ್ಲ, ಅವರು ರಜೆಗೆ ಬಂದಾಗ ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ಖಜಾಂಚಿಯ ಸ್ವಂತ ಖಾತೆಗೆ ಹಾಕಿಸಿಕೊಂಡು ಆಮೇಲೆ ವರ್ಗ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಲೆಕ್ಕಪರಿಶೋಧಕರನ್ನು ಮೊದಲು ಕಾಣಿ. ನಾನು ಮೇಲೆ ಹೇಳಿದ ಕೆಲಸಕ್ಕೆ ಅಷ್ಟು ಹಣ ಬೇಕಾಗುವುದೂ ಇಲ್ಲ. ಸದಸ್ಯೆಯರ ವಂತಿಗೆಯ ಹಣ ಮತ್ತು ಊರಿನವರು ಸೇವೆಗೆಂದು ಕೊಟ್ಟ ಹಣ ಎರಡು ಬೇರೆ ಖಾತೆಯಲ್ಲಿರಲಿ. ಊರಿನವರ ಹಣದಲ್ಲಿ ಪದಗ್ರಹಣದ ಊಟ, ಶಾಲು, ಹಾರ ಆಗಬಾರದು.

ಇನ್ನು ಫೋಟೊ. ನಿಮ್ಮ ಸಂಸ್ಥೆಯ ಜಿಲ್ಲಾ ಘಟಕಕ್ಕೆ ವರದಿ ಕಳಿಸಬೇಕು, ಪಾಯಿಂಟ್ಸ್ ಇವೆ, ಅವಾರ್ಡ್ ಇವೆ, ಅಧಿಕೃತ ಭೇಟಿಗೆ ಬಂದವರಿಗೆ ತೋರಿಸಬೇಕು, ಇದು ನನಗೆ ಅರ್ಥವಾಗುತ್ತದೆ. ಫೋಟೊ ಪೂರ್ತಿ ಬಿಡಿ ಎಂದು ಹೇಳುವುದಿಲ್ಲ. ತೆಗೆದುಕೊಳ್ಳುವವರ ಮುಖ ಬೇಡ. ಒಂದು ಸರ್ಕಾರಿ ಶಾಲೆಯಲ್ಲಿ ಪ್ಯಾಡಿನ ಪೊಟ್ಟಣ ಹಿಡಿದು ಸಾಲಾಗಿ ನಿಲ್ಲಿಸಿದ ಹುಡುಗಿಯರಲ್ಲಿ ಒಬ್ಬಳು ಪೊಟ್ಟಣವನ್ನು ಮೆಲ್ಲಗೆ ಮೇಲೆತ್ತಿ ಮುಖಕ್ಕೆ ಅಡ್ಡ ಹಿಡಿದದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಮರುದಿನ ಆ ಚಿತ್ರ ಎಲ್ಲ ಗುಂಪುಗಳಲ್ಲಿ ಓಡಾಡಿತು. ಅವಳ ಅಣ್ಣನ ಫೋನಿಗೂ ಹೋಗಿರಬಹುದು. ನಿಮ್ಮ ಸದಸ್ಯೆಯರು ಕೆಲಸ ಮಾಡುತ್ತಿರುವ ಫೋಟೊ ಹಾಕಿ, ದುರಸ್ತಿಯಾದ ಬಾಗಿಲಿನ ಫೋಟೊ ಹಾಕಿ. ಆಗಸ್ಟಿನಲ್ಲಿ ಎಷ್ಟು ಹುಡುಗಿಯರು 12ರ ಕೆಳಗಿದ್ದರು, ಫೆಬ್ರವರಿಯಲ್ಲಿ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ವರದಿಯಲ್ಲಿ ಬರೆದು ಕಳಿಸಿ. ಅಂಥ ವರದಿ ಓದಿದ ಜಿಲ್ಲಾ ಪದಾಧಿಕಾರಿಗಳು ಖುಷಿಪಟ್ಟದ್ದನ್ನೇ ನಾನು ಕಂಡಿದ್ದೇನೆ. ಇಳಿಯದಿದ್ದರೆ ಹಾಗೆಂದೇ ಬರೆಯಿರಿ, ಮುಂದಿನವರಿಗೆ ದಾರಿ ಗೊತ್ತಾಗುತ್ತದೆ.

38 ಜನರೂ ಬರುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೆಲವರು ಸ್ನೇಹಕ್ಕಾಗಿಯೇ ಕ್ಲಬ್ಬಿಗೆ ಬರುತ್ತಾರೆ. ಮಕ್ಕಳೆಲ್ಲ ಊರುಬಿಟ್ಟ ಮನೆಯಲ್ಲಿ ಒಬ್ಬರೇ ಇರುವ ಹೆಂಗಸಿಗೆ ತಿಂಗಳ ಆ ಮೀಟಿಂಗ್ ಎಷ್ಟು ದೊಡ್ಡ ಆಸರೆ ಎಂದು ನನಗೆ ಗೊತ್ತು. ನಿಮ್ಮ ಮೊದಲ ಧ್ಯೇಯವೇ ಸ್ನೇಹ ತಾನೇ. ಅವರಿಗೆ ಮನೆಯಲ್ಲೇ ಕೂತು ಮಾಡುವ ಫೋನಿನ ಕೆಲಸ ಕೊಡಿ. ಬಿ.ಪಿ. ಪಟ್ಟಿಯವರಿಗೆ ಫೋನ್ ಮಾಡುವುದಕ್ಕೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ, ಕಷ್ಟಸುಖ ಮಾತಾಡಿಯೇ ಫೋನ್ ಇಡುತ್ತಾರೆ.

ಮಗಳನ್ನೂ ಒಂದು ದಿನ ಶಾಲೆಗೆ ಕರೆದುಕೊಂಡು ಹೋಗಿ. ಎಂಟನೇ ತರಗತಿಯ ಹುಡುಗಿಯರು ನಮ್ಮ ನಿಮ್ಮ ವಯಸ್ಸಿನವರಿಗೆ ಹೇಳದ್ದನ್ನು ಅವಳಿಗೆ ಹೇಳುತ್ತಾರೆ. ಅದಕ್ಕೂ ಮೊದಲು, ಈ ವಾರವೇ, ನೀವು ಹಾಕಿಸಿದ ಮಶೀನ್ ಇರುವ ಹೈಸ್ಕೂಲಿಗೆ ಯಾರಿಗೂ ಹೇಳದೆ ಒಬ್ಬರೇ ಹೋಗಿಬನ್ನಿ. ಅದರ ಕೀಲಿಕೈ ಯಾರ ಹತ್ತಿರ ಇದೆ, ಕೊನೆಯ ಸಲ ತುಂಬಿಸಿದ್ದು ಯಾವಾಗ ಎಂದು ಆಯಾಳನ್ನು ಕೇಳಿ. ಕೆಟ್ಟು ನಿಂತಿದ್ದರೆ ಕಳಚಿ ಇಳಿಸಿ, ಅದೇ ಜಾಗದಲ್ಲಿ ಒಂದು ಕಪಾಟು ಹೊಡೆಸಿ, ಬೀಗವಿಲ್ಲದೆ, ನಾಣ್ಯವಿಲ್ಲದೆ ಹುಡುಗಿಯರೇ ತೆಗೆದುಕೊಳ್ಳುವಂತೆ ಪ್ಯಾಡ್ ಇಡಿ. ಖಾಲಿಯಾದಾಗ ಯಾರಿಗೆ ಫೋನ್ ಮಾಡಬೇಕು ಎಂದು ಕಪಾಟಿನ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿ, ಜುಲೈ ಬಂದಾಗಲೆಲ್ಲ ಆ ಚೀಟಿಯ ನಂಬರು ಸರಿಯಿದೆಯೇ ಎಂದು ನೋಡಿ ಬದಲಿಸಿ.